ಇನ್ನೂರ ಒಂದು ಅಂಕಿಗೆ ಕೈಮುಗಿಯಬೇಡಿ

ಆ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಸೀರೆಯುಟ್ಟ ಶಕುಂತಲಾ ದೇವಿಯವರ ಫೋಟೋ, ಪಕ್ಕದಲ್ಲಿ ಇರುವೆ ಸಾಲಿನ ಹಾಗೆ ಅಂಕಿಗಳು, ಕೆಳಗೆ ಬಾವುಟದ ಇಮೋಜಿ. 1977ರಲ್ಲಿ ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯಲ್ಲಿ ಅವರು 201 ಅಂಕಿಗಳ ಒಂದು ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು, ಅದೇ ಲೆಕ್ಕಕ್ಕೆ ಯುನಿವ್ಯಾಕ್ ಕಂಪ್ಯೂಟರ್ 62 ಸೆಕೆಂಡ್ ತಗೊಂಡಿತು. ಇಷ್ಟು ನಿಜ. ಇದಕ್ಕೆ ಅಂಟಿಸಿಕೊಂಡು ಬರುವ ಬಾಲ ಇದೆಯಲ್ಲ, ನನ್ನ ಜಗಳ ಅದರ ಜೊತೆ. ‘ಕಂಪ್ಯೂಟರ್ ಸೋತಿತು, ಭಾರತೀಯ ಮೆದುಳು ಗೆದ್ದಿತು. ನಿಮ್ಮ ಮಗುವಿನ ಕೈಯಿಂದ ಕ್ಯಾಲ್ಕುಲೇಟರ್ ಕಿತ್ತುಕೊಳ್ಳಿ. ಇದು ದೈವದತ್ತ, ವಿಜ್ಞಾನಕ್ಕೆ ವಿವರಿಸಲಾಗದ್ದು.’

ನಮ್ಮ ಆಫೀಸಿನ ಗ್ರೂಪಿನಲ್ಲಿ ಇದು ಬಂದಾಗ ಎರಡು ಪಕ್ಷ ಆಯ್ತು. ಒಂದು ಕಡೆಯವರು ಕೈಮುಗಿದರು. ಇನ್ನೊಂದು ಕಡೆಯ ಇಬ್ಬರು ಸೀನಿಯರ್ ಡೆವಲಪರ್‌ಗಳು ‘ಅದೆಲ್ಲ ಟ್ರಿಕ್ಕು ಬಿಡ್ರಪ್ಪ, ಮೊದಲೇ ಬಾಯಿಪಾಠ ಮಾಡಿರ್ತಾರೆ’ ಅಂದರು. ಎರಡೂ ಪಕ್ಷದಲ್ಲಿ ಒಬ್ಬರೂ ಆ ಸಂಖ್ಯೆಯನ್ನು ನೋಡಲಿಲ್ಲ. ಗಣಿತದ ಮೇಲೇ ಹೊಟ್ಟೆ ಹೊರೆಯುವ ಹನ್ನೆರಡು ಜನ ಎಂಜಿನಿಯರ್‌ಗಳು, ಒಂದು ಸಂಖ್ಯೆ ಎದುರಿಗೇ ಬಿದ್ದಿದೆ, ಯಾರಿಗೂ ಅದನ್ನು ಮುಟ್ಟಿ ನೋಡೋಣ ಅನ್ನಿಸಲಿಲ್ಲ. ಉದ್ದ ನೋಡಿಯೇ ಸುಸ್ತು.

ಮುಟ್ಟಿ ನೋಡೋಣ ಬನ್ನಿ.

ಸಂಖ್ಯೆ ಶುರುವಾಗುವುದು 91674867… ಅಂತ, ಮುಗಿಯುವುದು …806771 ಅಂತ. ಉತ್ತರ 54,63,72,891. ಅಂದರೆ ಐವತ್ನಾಲ್ಕು ಕೋಟಿ ಚಿಲ್ಲರೆಯ ಈ ಒಂಬತ್ತಂಕಿಯ ಸಂಖ್ಯೆಯನ್ನು 23 ಸಲ ಬರೆದು, ಎಲ್ಲವನ್ನೂ ಗುಣಿಸಿದರೆ ಆ 201 ಅಂಕಿಗಳು ಬರುತ್ತವೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಹುಟ್ಟಿದ್ದು ಒಂಬತ್ತು ಅಂಕಿಗಳಿಂದ. ಹೊರಗೆ ಕಾಣುವುದು 201. ಹಾಗಾದರೆ ಮಿಕ್ಕ 192 ಅಂಕಿಗಳಲ್ಲಿ ಹೊಸ ವಿಷಯ ಏನಿದೆ? ಏನೂ ಇಲ್ಲ. ಗಾಳಿ ತುಂಬಿದ ಬಲೂನು ಅದು. ಮದುವೆ ಕರೆಯೋಲೆಯಲ್ಲಿ ‘ಶ್ರೀಮತಿ ಮತ್ತು ಶ್ರೀ’ಗಳಿಂದ ಹಿಡಿದು ಅಜ್ಜ, ಮುತ್ತಜ್ಜ, ಊರು, ಗೋತ್ರ ಎಲ್ಲ ಹಾಕಿ ಒಂದು ಪುಟ ತುಂಬಿಸಿದರೂ ನಿಮಗೆ ಬೇಕಿರೋದು ತಾರೀಕು ಮತ್ತು ಊಟದ ಹಾಲ್ ಎರಡೇ ಅಲ್ವಾ?

ಆ ಎರಡನ್ನು ಎಲ್ಲಿಂದ ಎತ್ತಿಕೊಳ್ಳೋದು ಅನ್ನೋದೇ ಗಣಿತ.

ನನಗೆ ಇದು ಹೊಳೆದದ್ದು ನನ್ನ ಜಾಣತನದಿಂದ ಅಲ್ಲ, ಅಕ್ಕನ ಮಗಳ ಅಬ್ಯಾಕಸ್ ಕ್ಲಾಸಿನಿಂದ. ಎಂಟು ವರ್ಷದ ಹುಡುಗಿ. ಅವರ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಕ್ಲಾಸಿನವರದೊಂದು ಪ್ರದರ್ಶನ. ಅಪ್ಪ ಅಮ್ಮಂದಿರು ಫೋನ್ ಎತ್ತಿ ಹಿಡಿದು ನಿಂತಿದ್ದಾರೆ. ಟೀಚರ್ ‘50653’ ಅನ್ನುತ್ತಾರೆ, ಹತ್ತು ವರ್ಷದ ಹುಡುಗನೊಬ್ಬ ‘37’ ಅನ್ನುತ್ತಾನೆ. ಘನಮೂಲ! ಐದು ಸೆಕೆಂಡಿನಲ್ಲಿ! ಚಪ್ಪಾಳೆ. ಮುಂದಿನ ಲೆವೆಲ್ಲಿನ ಫೀಸಿನ ಕರಪತ್ರ ಕೈಗೆ ಬಂತು. ‘ಮೆದುಳಿನ ಬಲಭಾಗ ಜಾಗೃತವಾಗುತ್ತೆ’ ಅಂತ ಬೇರೆ ಅದರಲ್ಲಿ.

ಮನೆಗೆ ಬಂದ ಮೇಲೆ ಪುಟ್ಟಿ ಮುಖ ಇಳಿಸಿಕೊಂಡು ಕೂತಿದ್ದಳು. ‘ಚಿಕ್ಕಿ, ನಂಗೆ ಅಷ್ಟು ಫಾಸ್ಟ್ ಬರಲ್ಲ. ನಂಗೆ ಮ್ಯಾತ್ಸ್ ಬ್ರೇನ್ ಇಲ್ಲ.’ ಈ ವಾಕ್ಯ ಕೇಳಿದ್ದೇ ನನ್ನ ಹೊಟ್ಟೆಯಲ್ಲಿ ಏನೋ ಕಲಸಿತು. ನಾಲ್ಕನೇ ಕ್ಲಾಸಿನಲ್ಲಿ ಹದಿನೇಳರ ಮಗ್ಗಿ ತಡವರಿಸಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಇದೇ ಮಾತು ಹೇಳಿದ್ದರು. ಅದನ್ನು ನಂಬಿಕೊಂಡೇ ನಾನು ಹತ್ತನೇ ಕ್ಲಾಸಿನವರೆಗೆ ಬಂದೆ. ಹದಿನೇಳರ ಮಗ್ಗಿ ಈಗಲೂ ತಡವರಿಸುತ್ತೆ, ಸಂಬಳ ಮಾತ್ರ ಅಲ್ಗಾರಿದಮ್ ಬರೆಯೋದಕ್ಕೆ ಬರುತ್ತೆ.

ಕಾಗದ ತಗೊಂಡು ಕೂತೆವು. ಒಂದರಿಂದ ಒಂಬತ್ತರವರೆಗೆ ಘನ ಬರೆ ಅಂದೆ. 1, 8, 27, 64, 125, 216, 343, 512, 729. ಕೊನೆಯ ಅಂಕಿ ಮಾತ್ರ ನೋಡು. 1ಕ್ಕೆ 1, 4ಕ್ಕೆ 4, 5ಕ್ಕೆ 5, 6ಕ್ಕೆ 6, 9ಕ್ಕೆ 9. ಎರಡು ಮತ್ತು ಎಂಟು ಜಾಗ ಬದಲಾಯಿಸಿಕೊಂಡಿವೆ, ಮೂರು ಮತ್ತು ಏಳು ಕೂಡ. ಅಷ್ಟೆ. 50653 ಮುಗಿಯೋದು 3ರಲ್ಲಿ, ಹಾಗಾಗಿ ಉತ್ತರ ಮುಗಿಯೋದು 7ರಲ್ಲಿ. ಕೊನೆಯ ಮೂರು ಅಂಕಿ ಮುಚ್ಚು, ಉಳಿದದ್ದು 50. ಅದು 27ಕ್ಕೂ 64ಕ್ಕೂ ನಡುವೆ ಇದೆ, ಅಂದರೆ 3ರ ಘನ ದಾಟಿದೆ, 4ರದ್ದು ಮುಟ್ಟಿಲ್ಲ. 37. ಪುಟ್ಟಿ ಕಣ್ಣು ಅರಳಿಸಿ, ‘ಅಷ್ಟೇನಾ?’ ಅಂದಳು. ಆಮೇಲೆ ಒಂದು ಗಂಟೆ ನನ್ನನ್ನು ಬಿಡಲಿಲ್ಲ, ನಾನು ಕ್ಯಾಲ್ಕುಲೇಟರಿನಲ್ಲಿ ಘನ ಮಾಡಿ ಕೊಡೋದು, ಅವಳು ಒಡೆಯೋದು.

ಮುಂದಿನ ವಾರ ಅವಳು ಇದನ್ನು ಕ್ಲಾಸಿನಲ್ಲಿ ಇತರ ಮಕ್ಕಳಿಗೆ ಹೇಳಿಕೊಟ್ಟಳಂತೆ. ಟೀಚರ್ ಗದರಿದರಂತೆ: ಅದು ಮೂರನೇ ಲೆವೆಲ್ಲಿನ ಪಾಠ, ಈಗಲೇ ಹೇಳಬಾರದು. ಗುಟ್ಟು ಬಿಟ್ಟುಕೊಟ್ಟರೆ ಫೀಸು ಯಾರು ಕಟ್ಟುತ್ತಾರೆ ಹೇಳಿ.

ಈಗ ಡಲ್ಲಾಸಿಗೆ ವಾಪಸ್ ಬರೋಣ. ಯಾವುದೇ ಸಂಖ್ಯೆಯ ಐದನೇ ಘಾತ ತೆಗೆದರೂ ಕೊನೆಯ ಅಂಕಿ ಮೂಲದ್ದೇ ಇರುತ್ತೆ. 2ರದ್ದು 32, 3ರದ್ದು 243, 7ರದ್ದು 16807. ಅಂದರೆ ಘಾತ ನಾಲ್ಕು ನಾಲ್ಕು ಹೆಜ್ಜೆ ಮುಂದೆ ಹೋದಾಗಲೆಲ್ಲ ಕೊನೆಯ ಅಂಕಿಯ ಆಟ ಮೊದಲಿನಿಂದ ಶುರು. 3, 7, 11, 15, 19, 23. ನೋಡಿದಿರಾ? ಇಪ್ಪತ್ತಮೂರನೇ ಘಾತ ಕೊನೆಯ ಅಂಕಿಯ ವಿಷಯದಲ್ಲಿ ಥೇಟ್ ಘನದ ಹಾಗೆ. 201 ಅಂಕಿಯ ಆ ಭಯಂಕರ ಸಂಖ್ಯೆ 1ರಲ್ಲಿ ಮುಗಿಯುತ್ತೆ, ಹಾಗಾಗಿ ಉತ್ತರವೂ 1ರಲ್ಲೇ ಮುಗಿಯಬೇಕು. ನಮ್ಮ ಪುಟ್ಟಿ ಹೇಳಬಲ್ಲಳು.

ಇದು ಒಂದಂಕಿಗೆ ನಿಲ್ಲುವುದಿಲ್ಲ. ಸಂಖ್ಯೆ 1, 3, 7 ಅಥವಾ 9ರಲ್ಲಿ ಮುಗಿದರೆ, ಅದರ 23ನೇ ಘಾತದ ಕೊನೆಯ ಎರಡಂಕಿಯಿಂದ ಮೂಲದ ಕೊನೆಯ ಎರಡಂಕಿ ಖಚಿತವಾಗಿ ಗೊತ್ತಾಗುತ್ತೆ. ಕೊನೆಯ ಮೂರರಿಂದ ಮೂರೂ. ಇಲ್ಲಿ 71 ಬಂದಿದ್ದರೆ ಮೂಲ 91ರಲ್ಲಿ ಮುಗಿಯಲೇಬೇಕು. 771 ಬಂದಿದ್ದರೆ 891. ಎರಡನೇ ಆಯ್ಕೆಯೇ ಇಲ್ಲ. ಬೀಗಕ್ಕೊಂದೇ ಕೀಲಿ.

ಹಿಂದಿನ ಬಾಗಿಲಿಂದ ಮೂರು ಅಂಕಿ ಸಿಕ್ಕಿತು. ಮುಂದಿನ ಬಾಗಿಲಿಗೆ ಪಿಯುಸಿಯಲ್ಲಿ ನಾವೆಲ್ಲ ಶಾಪ ಹಾಕಿಕೊಂಡು ತಿರುವಿದ ಲಾಗ್ ಟೇಬಲ್ ಸಾಕು. ಸಂಖ್ಯೆ 9167ರಿಂದ ಶುರುವಾಗುತ್ತೆ, 201 ಅಂಕಿ ಇದೆ, ಹಾಗಾಗಿ ಅದರ ಲಾಗರಿದಮ್ 200.9622. ಇಪ್ಪತ್ತಮೂರರಿಂದ ಭಾಗಿಸಿ, 8.7375. ಆಂಟಿಲಾಗ್ ನೋಡಿ: ಉತ್ತರಕ್ಕೆ ಒಂಬತ್ತು ಅಂಕಿ, ಶುರುವಾಗೋದು 546 ಅಂತ. ಇನ್ನೂರು ಅಂಕಿಯ ರಾಕ್ಷಸನನ್ನು ನಾಲ್ಕಂಕಿಯ ಕೋಷ್ಟಕ ಹಿಡಿದು ಅಲ್ಲಾಡಿಸಿದ್ದಕ್ಕೆ ಮೂರು ಅಂಕಿ ಉದುರಿದವು. ಹಿಂದಿನ ಮೂರು ಸೇರಿ ಒಂಬತ್ತರಲ್ಲಿ ಆರು ಕೈಗೆ ಬಂದಾಯ್ತು: 546 ಮತ್ತು 891.

ಉಳಿದದ್ದು ನಡುವಿನ 372. ಕಷ್ಟ ಇರೋದು ಅಲ್ಲಿ ಕಣ್ರೀ.

ಅದಕ್ಕೆ ನಾಲ್ಕಂಕಿಯ ಕೋಷ್ಟಕ ಸಾಲದು, ಏಳು ದಶಾಂಶ ಸ್ಥಾನದ ಮಟ್ಟಿಗೆ ಲೆಕ್ಕ ನಿಖರವಾಗಿರಬೇಕು. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಪರೀಕ್ಷೆ ಮಾಡಿ ನೋಡಿದೆ. ಮೊದಲ ಐದು ಅಂಕಿ 91674, ಕೊನೆಯ ಮೂರು 771, ಇಷ್ಟೇ ಗೊತ್ತಿದ್ದರೆ ಸಾಕು. 91674ರಿಂದ ಶುರುವಾಗುವ 201 ಅಂಕಿಯ ಸಂಖ್ಯೆಗಳ 23ನೇ ಮೂಲಗಳೆಲ್ಲ ಸುಮಾರು 260ರಷ್ಟು ಅಗಲದ ಒಂದು ಸಣ್ಣ ಓಣಿಯೊಳಗೆ ಬಂದು ಕೂರುತ್ತವೆ. ಆ ಓಣಿಯಲ್ಲಿ 891ರಲ್ಲಿ ಮುಗಿಯುವ ಮನೆ ಒಂದೇ. ಎಂಟು ಅಂಕಿ ನೋಡಿದರೆ ಆಯ್ತು. ನಡುವಿನ 193 ಅಂಕಿಗಳ ಮೇಲೆ ಕಾಫಿ ಚೆಲ್ಲಿದ್ದರೂ ಉತ್ತರ ಬರುತ್ತಿತ್ತು!

ಶಕುಂತಲಾ ದೇವಿ ಹೀಗೇ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಅವರ ತಲೆಯೊಳಗೆ ಇಣುಕಿದವಳಲ್ಲ ನಾನು. ಯಾವ ದಾರಿಯಲ್ಲಿ ಹೋದರೂ ಲಾಗರಿದಮ್ಮಿನ ಮಟ್ಟದ ನಿಖರ ಅಂದಾಜನ್ನು ತಲೆಯಲ್ಲೇ, ಕಾಗದವಿಲ್ಲದೆ, ಒಂದು ನಿಮಿಷದೊಳಗೆ ಮಾಡಬೇಕು. ನನ್ನಿಂದ ಒಂದು ದಿನ ಕೊಟ್ಟರೂ ಆಗದು. ಅಂದರೆ ‘ಟ್ರಿಕ್ಕು ಬಿಡ್ರಪ್ಪ’ ಅಂದವರೂ ತಪ್ಪು. ದಾರಿ ಗೊತ್ತಾದ ತಕ್ಷಣ ಬೆಟ್ಟ ಹತ್ತಿದ ಹಾಗಾಗಲಿಲ್ಲ. ಆದರೆ ಅವರು ಹತ್ತಿದ್ದು ಯಾವ ಬೆಟ್ಟ ಅಂತ ಹೇಳೋದಕ್ಕಾದರೂ ದಾರಿ ಗೊತ್ತಿರಬೇಕು. 201 ಅಂಕಿ ಅಂತ ಬಾಯಿ ಬಿಡುವ ಫಾರ್ವರ್ಡ್ ಅವರ ಸಾಧನೆಯನ್ನು ಹೊಗಳುತ್ತಿಲ್ಲ, ಅದರ ಸುತ್ತಲಿನ ಗಾಳಿಯನ್ನು ಹೊಗಳುತ್ತಿದೆ. ಮೂರು ಅಂಕಿಗಳಲ್ಲಿ ಅವರ ಪ್ರತಿಭೆ ಇದೆ, ಜನ ಚಪ್ಪಾಳೆ ಹೊಡೆಯೋದು 193ಕ್ಕೆ.

ಇದಕ್ಕಿಂತ ಉರಿಯೋ ವಿಷಯ ಇನ್ನೊಂದಿದೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು ಎರಡು ಹದಿಮೂರಂಕಿಯ ಸಂಖ್ಯೆಗಳನ್ನು ಗುಣಿಸಿದರು. 7686369774870 ಮತ್ತು 2465099745779. ಉತ್ತರ 18947668177995426462773730. ಇಪ್ಪತ್ತೆಂಟು ಸೆಕೆಂಡ್, ಗಿನ್ನೆಸ್ ದಾಖಲೆ. ಈ ಉತ್ತರದಲ್ಲಿ ಇರೋದು ಬರೀ 26 ಅಂಕಿ, ಹಾಗಾಗಿ ಫಾರ್ವರ್ಡ್‌ಗಳಲ್ಲಿ ಇದಕ್ಕೆ ಎರಡನೇ ಸಾಲು, ಕೆಲವೊಮ್ಮೆ ಅದೂ ಇಲ್ಲ. ಆದರೆ ಇಲ್ಲಿ ಯಾವ ಬಲೂನೂ ಇಲ್ಲ. ಯಾರೋ ತೋಚಿದ ಹಾಗೆ ಕೊಟ್ಟ ಎರಡು ಸಂಖ್ಯೆ. ಒಂದರ ಕೊನೆಗೆ ಸೊನ್ನೆ, ಇನ್ನೊಂದರ ನಡುವೆ ಒಂದು ಸೊನ್ನೆ, ಅಷ್ಟೇ ರಿಯಾಯಿತಿ. ಮಿಕ್ಕ ಹನ್ನೆರಡು ಅಂಕಿ, ಆ ಕಡೆಯ ಹನ್ನೆರಡು ಅಂಕಿ, ಶಾಲೆಯ ವಿಧಾನದಲ್ಲಿ 144 ಸಣ್ಣ ಗುಣಾಕಾರ, ಮೇಲೆ ಕೂಡಿಸಿ, ದಶಕ ಹೊತ್ತುಕೊಂಡು ಹೋಗಬೇಕು. ಪ್ರತಿ ಅಂಕಿಯೂ ಲೆಕ್ಕಕ್ಕೆ ಬರುತ್ತೆ, ಒಂದು ಜಾರಿದರೆ ಎಲ್ಲಾ ಹೋಯ್ತು. ಕಾಫಿ ಚೆಲ್ಲೋ ಹಾಗೇ ಇಲ್ಲ.

(ಬೇಕಾದರೆ ಒಂಬತ್ತರ ತಾಳೆ ನೋಡಿ. ಮೊದಲನೆಯದರ ಅಂಕಿಗಳ ಮೊತ್ತ 78, ಮತ್ತೆ ಕೂಡಿಸಿ 15, ಆಮೇಲೆ 6. ಎರಡನೆಯದು 74, 11, 2. ಆರೆರಡ್ಲ ಹನ್ನೆರಡು, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138, 12, 3. ತಾಳೆ ಆಯ್ತು. ಉತ್ತರ ಸರಿ ಅನ್ನೋದಕ್ಕೆ ಇದು ಪೂರ್ತಿ ಪುರಾವೆ ಅಲ್ಲ, ಆದರೆ ಎಷ್ಟೋ ತಪ್ಪು ಇಲ್ಲೇ ಸಿಕ್ಕಿಬೀಳುತ್ತೆ. ನಮ್ಮಜ್ಜ ಅಂಗಡಿ ಲೆಕ್ಕಕ್ಕೆ ಮಾಡುತ್ತಿದ್ದದ್ದು ಇದನ್ನೇ.)

ನನ್ನ ಕಣ್ಣಿಗೆ 26 ಅಂಕಿಯ ಈ ಉತ್ತರ ಆ 201 ಅಂಕಿಗಿಂತ ದೊಡ್ಡದು. ಸಂಖ್ಯೆಯ ಉದ್ದಕ್ಕೂ ಅದರ ಕಷ್ಟಕ್ಕೂ ಸಂಬಂಧ ಇಲ್ಲ ಅನ್ನೋದನ್ನು ನಾವು ಯಾಕೆ ಕಲಿಯಲಿಲ್ಲವೋ.

ಸಾಫ್ಟ್‌ವೇರಿನವರಾದ ನಮಗಂತೂ ಇದು ಗೊತ್ತಿರಬೇಕಿತ್ತು. ಅದೇ 1977. ಆಗಸ್ಟ್ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ 129 ಅಂಕಿಗಳ ಒಂದು ಸಂಖ್ಯೆ ಅಚ್ಚು ಹಾಕಿದರು. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕೊಟ್ಟ ಸವಾಲು: ಇದು ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ, ಆ ಎರಡನ್ನು ಹುಡುಕಿ, ನೂರು ಡಾಲರ್ ಬಹುಮಾನ. ಡಲ್ಲಾಸಿನ ಸಂಖ್ಯೆಗಿಂತ 72 ಅಂಕಿ ಕಮ್ಮಿ. ಅದು ಬಿದ್ದದ್ದು 1994ರಲ್ಲಿ. ಸುಮಾರು 600 ಸ್ವಯಂಸೇವಕರು, ಸುಮಾರು 1600 ಕಂಪ್ಯೂಟರ್, ಎಂಟು ತಿಂಗಳು. ಸಿಕ್ಕ ಎರಡು ಸಂಖ್ಯೆಗಳಲ್ಲಿ ಒಂದು 64 ಅಂಕಿಯದು, ಇನ್ನೊಂದು 65 ಅಂಕಿಯದು. ಅವನ್ನು ಮತ್ತೆ ಗುಣಿಸಿ 129 ಅಂಕಿ ಮಾಡೋದು ತಾಳ್ಮೆ ಇರುವ ಹೈಸ್ಕೂಲ್ ಮಗುವಿನ ಕೆಲಸ, ಪೆನ್ಸಿಲ್ಲು ಮತ್ತು ರಜೆ ಇದ್ದರೆ ಸಾಕು. ಕಟ್ಟೋದು ಸುಲಭ, ಬಿಚ್ಚೋದು ಅಸಾಧ್ಯಕ್ಕೆ ಹತ್ತಿರ. ನಿಮ್ಮ ಬ್ರೌಸರಿನಲ್ಲಿ ಕಾಣುವ ಬೀಗದ ಚಿಹ್ನೆಯ ಹಿಂದೆ ದಶಕಗಳ ಕಾಲ ನಿಂತದ್ದು ಈ ಅಸಮಾನತೆಯೇ.

ಎರಡೂ ಒಂದೇ ವರ್ಷದವು. ಉದ್ದದ್ದು 50 ಸೆಕೆಂಡಿನಲ್ಲಿ ಒಬ್ಬ ಹೆಂಗಸಿನ ಬಾಯಲ್ಲಿ ಬಿಚ್ಚಿಕೊಂಡಿತು, ಗಿಡ್ಡದು ಹದಿನೇಳು ವರ್ಷ ಬಾಯಿ ಬಿಡಲಿಲ್ಲ. ಯಾಕೆ? ಮೊದಲನೆಯದಕ್ಕೆ ಮುಂದೆ ಹಿಂದೆ ಎರಡೂ ಕಡೆ ಹಿಡಿ ಇದೆ, ಎಳೆದರೆ ಬರುತ್ತೆ. ಎರಡನೆಯದಕ್ಕೆ ಎಲ್ಲೂ ಹಿಡಿ ಇಲ್ಲ. ಕೊನೆಯ ಅಂಕಿಗಳು ಒಂದಷ್ಟು ಆಯ್ಕೆಗಳನ್ನು ಬಿಟ್ಟುಕೊಡುತ್ತವೆ, ಆದರೆ ಯಾವುದು ಸರಿ ಅನ್ನಲ್ಲ. ಮೊದಲ ಅಂಕಿಗಳು ಏನನ್ನೂ ಹೇಳಲ್ಲ. ನಮ್ಮ ಗ್ರೂಪಿನಲ್ಲಿ ಭದ್ರತೆಯ ಕೋಡ್ ಬರೆಯುವವರೇ ಇದ್ದಾರೆ, ಅವರೂ ‘201 ಡಿಜಿಟ್ಸ್! ಓ ಮೈ ಗಾಡ್!’ ಅಂತಿದ್ದರು. ಮಾರಾಯ್ರೇ.

ಕಂಪ್ಯೂಟರ್ ಸೋತ ಕತೆಯದ್ದೂ ಅಷ್ಟೇ. ಒಂಬತ್ತಂಕಿಯ ಉತ್ತರಗಳು ನೂರು ಕೋಟಿಗಿಂತ ಕಮ್ಮಿ. ಅರ್ಧಕ್ಕರ್ಧ ಕತ್ತರಿಸುತ್ತಾ ಹೋದರೆ 30 ಪ್ರಶ್ನೆಯಲ್ಲಿ ಮುಗಿಯುತ್ತೆ: ಇದರ 23ನೇ ಘಾತ ದೊಡ್ಡದಾಯ್ತಾ, ಚಿಕ್ಕದಾಯ್ತಾ? ಬೈನರಿ ಸರ್ಚ್, ನೀವು ಪ್ರತಿ ಇಂಟರ್‌ವ್ಯೂನಲ್ಲೂ ಬೋರ್ಡಿನ ಮೇಲೆ ಬರೆಯುವುದು. ಈಗ ನಿಮ್ಮ ಜೇಬಿನಲ್ಲಿರುವ ಫೋನು ಕಣ್ಣು ಮಿಟುಕಿಸುವುದರೊಳಗೆ ಮಾಡಿ ಬಿಸಾಕುತ್ತೆ. 1977ರ ಯಂತ್ರವೊಂದರ ಜೊತೆ 12 ಸೆಕೆಂಡಿನ ಅಂತರ ಇಟ್ಟುಕೊಂಡು ಇವತ್ತಿಗೂ ಮೀಸೆ ತಿರುವುವುದು ಅಂದರೆ, ಅವರ ಗೌರವವನ್ನು ಪ್ರತಿ ವರ್ಷ ಕಮ್ಮಿಯಾಗುವ ನಾಣ್ಯದಲ್ಲಿ ಠೇವಣಿ ಇಟ್ಟ ಹಾಗೆ. ‘ಮಾನವ ಕಂಪ್ಯೂಟರ್’ ಎಂಬ ಬಿರುದು ಅವರಿಗೇ ಇಷ್ಟವಿರಲಿಲ್ಲ. ನಾವು ಬಿಡಲಿಲ್ಲ, 2020ರ ಸಿನಿಮಾದ ಪ್ರಚಾರದಲ್ಲೂ ಅದೇ, ಫಾರ್ವರ್ಡಿನಲ್ಲೂ ಅದೇ.

ಇನ್ನು ದೈವದತ್ತ ಮೆದುಳಿನ ವಿಷಯ. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದರು, 1990ರಲ್ಲಿ ವರದಿ ಪ್ರಕಟಿಸಿದರು. 61629875ರ ಘನಮೂಲ 395, 170859375ರ ಏಳನೇ ಮೂಲ 15. ಜೆನ್ಸನ್ ಇಂಥ ಪ್ರಶ್ನೆಗಳನ್ನು ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಮೊದಲೇ ಉತ್ತರ ಬಂದಿತ್ತು. ಆದರೆ ದೀಪ ಹತ್ತಿದ ತಕ್ಷಣ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಅಂದರೆ ‘ಫಾಸ್ಟ್ ಬ್ರೇನ್’ ಅಲ್ಲ ಅದು. ಬಾಲ್ಯದಿಂದ ಸಂಖ್ಯೆಗಳ ಜೊತೆಗೇ ಬದುಕಿದ ಒಬ್ಬರಿಗೆ ಅವುಗಳ ಹಿಡಿ ಎಲ್ಲಿದೆ ಅಂತ ಗೊತ್ತಿತ್ತು, ನನಗೆ ನಮ್ಮ ಬೀದಿಯ ಗುಂಡಿಗಳು ಎಲ್ಲಿವೆ ಅಂತ ಕತ್ತಲಲ್ಲೂ ಗೊತ್ತಿರುವ ಹಾಗೆ. ಇದು ನನ್ನ ಓದು, ಜೆನ್ಸನ್ನರದ್ದಲ್ಲ.

ಬೆಂಗಳೂರಿನಲ್ಲಿ ಹುಟ್ಟಿ, ಶಾಲೆಯ ಓದು ನೆಟ್ಟಗೆ ಸಿಗದೆ, ಸರ್ಕಸ್ಸಿನಲ್ಲಿದ್ದ ಅಪ್ಪನ ಜೊತೆ ಊರೂರು ತಿರುಗಿ ಪ್ರದರ್ಶನ ಕೊಟ್ಟು, 2013ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ ಹೆಂಗಸು. ಅವರು ಬರೆದ ‘ಫಿಗರಿಂಗ್’ ಪುಸ್ತಕದಲ್ಲಿ ಒಂದೊಂದು ಅಂಕಿಯ ಗುಣವನ್ನೂ ಕೂತು ಬಿಡಿಸಿ ಹೇಳಿದ್ದಾರೆ. ಗುಟ್ಟು ಬಚ್ಚಿಟ್ಟವರಲ್ಲ ಅವರು. ಅವರ ಹೆಸರು ಹೇಳಿಕೊಂಡು ಮೂರನೇ ಲೆವೆಲ್ಲಿಗೆ ಗುಟ್ಟು ಬಚ್ಚಿಡುವ ಅಂಗಡಿಗಳು ನಮ್ಮ ಕ್ಲಬ್‌ಹೌಸಿಗೆ ಬರುತ್ತಿವೆ, ಫೋಟೋಗೆ ಹಾರ ಹಾಕಿ, ಪಕ್ಕದಲ್ಲಿ ಸ್ಟಾಪ್‌ವಾಚ್ ಇಟ್ಟು. ಎಂಟು ವರ್ಷದ ಮಕ್ಕಳು ಅದನ್ನು ನೋಡಿ ತಮಗೆ ಮ್ಯಾತ್ಸ್ ಬ್ರೇನ್ ಇಲ್ಲ ಅಂತ ತೀರ್ಮಾನ ಮಾಡಿಕೊಂಡು ಮನೆಗೆ ಹೋಗುತ್ತಿದ್ದಾರೆ. ಅದಕ್ಕೆ ನಾವು ಫೀಸು ಕಟ್ಟುತ್ತಿದ್ದೇವೆ.

ಅಕ್ಕ ಆ ಕ್ಲಾಸ್ ಬಿಡಿಸಿಲ್ಲ, ಬಿಡಿಸು ಅಂತ ನಾನೂ ಹೇಳಿಲ್ಲ, ಅಲ್ಲಿ ಅವಳಿಗೆ ಗೆಳತಿಯರಿದ್ದಾರೆ. ಹೋದ ಶನಿವಾರ ಆ ಫಾರ್ವರ್ಡ್ ಅಕ್ಕನ ಫೋನಿಗೂ ಬಂತು. ಪುಟ್ಟಿ ಓದಿ, ‘ಚಿಕ್ಕಿ, 23 ಯಾಕೆ? 24 ಯಾಕೆ ಕೊಡಲಿಲ್ಲ ಅವರಿಗೆ?’ ಅಂದಳು. ನಾನು ಇಷ್ಟು ದಿನದಲ್ಲಿ ಈ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ. 24 ಅಂದರೆ ನಾಲ್ಕನೇ ಘಾತದ ಆಟ, ಬರೆದು ನೋಡು ಅಂದೆ. ಒಂದರಿಂದ ಶುರು ಮಾಡಿ ಕೊನೆಯ ಅಂಕಿಗಳನ್ನು ಸಾಲಾಗಿ ಬರೆದಳು: 1, 6, 1, 6, 5, 6, 1, 6, 1. ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ‘ಅಯ್ಯೋ, ಎಲ್ಲಾ ಒಂದೇ ಥರ ಇದೆ. 1 ಬಂದ್ರೆ ಉತ್ತರ ಒಂದೋ ಮೂರೋ ಏಳೋ ಒಂಬತ್ತೋ, ಹೇಗೆ ಗೊತ್ತಾಗುತ್ತೆ?’

ಗೊತ್ತಾಗಲ್ಲ, ಅಂದೆ. ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿಹೋಯ್ತು.

‘ಹಂಗಾದ್ರೆ 24 ಕಷ್ಟ. 25?’ ಅಂತ ಹೊಸ ಹಾಳೆ ತಿರುವಿದಳು.